ಕಡ್ಡಿ ಊರಿದ ಸಗಣಿ

ಹುಸೇನಮ್ಮ ಹಳ್ಳದಿಂದ ಮರಳಿ ಬರುವಷ್ಟರಲ್ಲಿ ಗೌಡರ ಆಳು ಗೋಪಣ್ಣ ಆಕೆ ಊರಿಟ್ಟು ಹೋದ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು, ಕೆಳಗಿನ ಸಗಣಿಯನ್ನು ಬಂಡಿಗೆ ತುಂಬುತ್ತಿದ್ದ.

ಮಸ್ಕಿಯ ಆ ಹಾದಿಗೆ ಯಾರೂ ಬರೆದಿಡದ ಕಟ್ಟಳೆಯೊಂದಿತ್ತು. ಮೇಯಲು ಹೊರಟ ದನಗಳು ದಾರಿಯಲ್ಲಿ ಹಾಕಿದ ಸಗಣಿಗೆ ಮೊದಲು ಯಾರು ಕಡ್ಡಿ ಊರುತ್ತಾರೋ ಅದು ಅವರದು. ಕಡ್ಡಿ ಊರುತ್ತ ದನಗಳ ಹಿಂದೆ ಹಳ್ಳದವರೆಗೆ ನಡೆದು, ಮರಳುವಾಗ ನಿಶ್ಚಿಂತೆಯಿಂದ ಬುಟ್ಟಿ ತುಂಬಿಕೊಳ್ಳಬಹುದಿತ್ತು. ಒಬ್ಬರನ್ನೊಬ್ಬರು ಕಂಡರಾಗದ ಹೆಂಗಸರು ಕೂಡ ಕಡ್ಡಿ ಕಂಡ ಸಗಣಿಯನ್ನು ಮುಟ್ಟುತ್ತಿರಲಿಲ್ಲ.

ಗೋಪಣ್ಣ ಕಿತ್ತ ಕಡ್ಡಿಗಳನ್ನು ಹುಲ್ಲಿಗೆ ಒರೆಸಿ, ಒಟ್ಟುಮಾಡಿ ಆಕೆಯ ಕೈಗಿತ್ತ.

“ತಗೋಬೇ ಯವ್ವಾ. ಕಡ್ಡಿ ನಿಂದು, ಸಗಣಿ ಗೌಡ್ರದು.”

ಕೊಲ್ಲಿ ದೇಶಗಳ ಕಡೆ ಯುದ್ಧದ ಸುದ್ದಿ ಎದ್ದು ಡೀಸೆಲ್ ದರ ಏರಿದಾಗ, ಪಂಪನಗೌಡರು ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದರು. ಆ ಗ್ಯಾಸನ್ನು ಕೂಡಿಸಿದರೆ ನೀರೆತ್ತುವ ಇಂಜಿನ್ನಿಗೆ ತುಸುವೇ ಡೀಸೆಲ್ ಸಾಕಾಗುತ್ತಿತ್ತು. ಸಿಂಧನೂರು, ಲಿಂಗಸುಗೂರುಗಳಿಂದಲೂ ರೈತರು ಬಂದು ಬೆರಗಿನಿಂದ ನೋಡಿ ಹೋಗಿದ್ದರು. ಆದರೆ ಕೊಟ್ಟಿಗೆಯ ಸಗಣಿಯೊಂದರಿಂದ ಗುಂಡಿಯ ಹೊಟ್ಟೆ ತುಂಬಲಿಲ್ಲ. ವಾರದಿಂದ ಗೌಡರ ದನಗಳ ಹಿಂದೆ ಬಂಡಿಯೂ ಹಾದಿಗಿಳಿದಿತ್ತು. ಅಂದಿನಿಂದ ಹುಸೇನಮ್ಮ ಒಲೆಗೆಂದು ಸಗಣಿಯ ಒಂದು ಕುಳ್ಳನ್ನೂ ತಟ್ಟಿರಲಿಲ್ಲ.

ಮನೆಯಲ್ಲಿ ಸೊಸೆ ಆದಮ್ಮ ಹಸಿ ಬಾಣಂತಿ. ಮಾಗಿಯ ಚಳಿ ಬೇರೆ. ತಾಯಿ ಕೂಸಿಗೆ ದಿನವೂ ಎರೆಯಲು ಸುಡುನೀರು ಬೇಕು, ಹೊರಸಿನ ಕೆಳಗೆ ಕೆಂಡ ಬೇಕು. ಹಳ್ಳದ ದಂಡೆಯ ಜಾಲಿಯನ್ನು ಇಟ್ಟಂಗಿ ಭಟ್ಟಿಯವರು ಬುಡಸಮೇತ ಒಯ್ದಿದ್ದರು. ರೇಷನ್ನಿನ ಸೀಮೆಎಣ್ಣೆ ಆ ತಿಂಗಳು ಬಂದೇ ಇರಲಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೂಲಿಗಿದ್ದ ಮಗ, ಬಸ್ಸಿನ ಚಾರ್ಜು ಏರಿದ ಮೇಲೆ ಕೂಸಿನ ಮುಖ ನೋಡಲೂ ಬಂದಿರಲಿಲ್ಲ. ಕೊನೆಯ ಕುಳ್ಳು ನಿನ್ನೆಯೇ ಬೂದಿಯಾಗಿತ್ತು.

ಆಕೆ ನೇರವಾಗಿ ಗೌಡರ ಹಿತ್ತಲಿಗೆ ನಡೆದಳು. ಗೌಡರು ಸಿಡುಕುವ ಮನುಷ್ಯರಲ್ಲ. ಬುಟ್ಟಿ ಇಳಿಸಿ ಕೂಡಲು ಹೇಳಿದರು, ಅಂಬಲಿ ಕುಡಿದೆಯಾ ಎಂದು ವಿಚಾರಿಸಿದರು. ಡೀಸೆಲ್ಲಿನ ದರ ಎಲ್ಲಿಗೆ ಮುಟ್ಟಿದೆಯೆಂಬುದನ್ನು ತಾಳ್ಮೆಯಿಂದ ವಿವರಿಸಿದರು.

“ನಾ ಒಲಿಗೆ ಡೀಸೆಲ್ ಹಾಕಂಗಿಲ್ರಿ ಗೌಡ್ರ,” ಎಂದಳು ಹುಸೇನಮ್ಮ. “ಹಾದ್ಯಾಗ ಬಿದ್ದದ್ದು ಕಡ್ಡಿ ಊರಿದಾಕಿದು. ನಮ್ಮತ್ತಿ ಕಾಲದಿಂದ ಹಂಗ ಐತ್ರಿ.”

ಗೌಡರು ನಕ್ಕರು. “ದನ ನಂದು, ಮೇವು ನಂದು. ಸಗಣಿ ಅಷ್ಟ ಊರಿಂದು ಹ್ಯಾಂಗ ಆಕೈತಿಬೇ? ಇಷ್ಟು ದಿನ ಅದಕ್ಕ ಕಿಮ್ಮತ್ತಿದ್ದಿಲ್ಲ, ಕೇಳಿದ್ದಿಲ್ಲ.”

ಹಾಗಾದರೆ ಬಾಣಂತಿಯ ನೀರಿಗೆ ಒಣಗಿದ ಕುಳ್ಳನ್ನಾದರೂ ಕೊಡಿರೆಂದು ಆಕೆ ಬೇಡಿಕೊಂಡಳು. ಗೌಡರು ನಿಜವಾಗಿಯೇ ಮರುಗಿ, ಒಳಗೆ ಕೂಗಿ ಕೇಳಿದರು. ಗ್ಯಾಸು ಬಂದಾಗಿನಿಂದ ಆ ಮನೆಯಲ್ಲಿ ಕುಳ್ಳು ತಟ್ಟುವುದನ್ನೇ ಬಿಟ್ಟಿದ್ದರು. ಗೌಡತಿ ಬಾಗಿಲಿಗೆ ಬಂದು, ಬೇಕಾದರೆ ಒಳಗೆ ಬಂದು ನೋಡು, ಗೋಡೆಗೆ ಹೊಗೆಯ ಕಲೆಯೂ ಇಲ್ಲ ಎಂದಳು.

ಮನೆಗೆ ಬಂದ ಹುಸೇನಮ್ಮ ಹಂಡೆಗೆ ನೀರು ಸುರಿದು ಒಲೆಯ ಮುಂದೆ ಕುಳಿತಳು. ಮೊದಲು ಗೋಪಣ್ಣ ಮರಳಿಸಿದ ಕಡ್ಡಿಗಳನ್ನು ಒಡ್ಡಿದಳು. ಅವು ಹತ್ತಿದಷ್ಟೇ ಬೇಗ ಆರತೊಡಗಿದವು. ಒಳಗೆ ಕೂಸು ಅಳುತ್ತಿತ್ತು. ಆಕೆ ಸುತ್ತ ಒಮ್ಮೆ ನೋಡಿ, ಪಕ್ಕದಲ್ಲಿದ್ದುದನ್ನು ಕಾಲಡಿ ಇಟ್ಟು ಮುರಿದಳು. ಉರಿ ಭರ್ರನೆ ಎದ್ದಿತು.

“ಅತ್ತಿ, ಬೆಂಕಿ ಭಾಳ ಚಲೋ ಹತ್ತೇತಿ,” ಒಳಗಿನಿಂದ ಆದಮ್ಮನ ದನಿ ಬಂತು. “ಗೌಡ್ರು ಕುಳ್ಳು ಕೊಟ್ರೇನು?”

ಹುಸೇನಮ್ಮ ಹಂಡೆಯ ನೀರಿಗೆ ಬೆರಳದ್ದಿ ನೋಡಿದಳು. ಒಲೆಯೊಳಗೆ ಸಗಣಿಬುಟ್ಟಿಯ ಬಿದಿರ ಅಂಚು ಬಳೆಯಂತೆ ದುಂಡಗೆ ಕೆಂಪಾಗಿ ನಿಂತಿತ್ತು. ನೀರಿನ್ನೂ ಉಗುರುಬೆಚ್ಚಗಿರುವಾಗಲೇ ಅದು ಸದ್ದಿಲ್ಲದೆ ಕುಸಿಯಿತು.