ಕಡೆಯ ಸರದಿ

ಮೂರನೆಯ ಕಂಡೆನ್ಸರೂ ಲಕ್ಕಮ್ಮನ ರಾಗಿಯ ಸರದಿಯಲ್ಲೇ ಸತ್ತಿತು. ಈಗಿನವರು ಅದನ್ನು ಕೆಪ್ಯಾಸಿಟರ್ ಅನ್ನುತ್ತಾರೆ. ಮೋಟಾರಿನ ಬೆನ್ನ ಮೇಲೆ ಕೂತಿರುವ ಗೇಣುದ್ದದ ಡಬ್ಬಿ, ಮಲಗಿದ ಮೋಟಾರನ್ನು ಒಂದು ನೂಕು ನೂಕಿ ಎಬ್ಬಿಸುವುದಷ್ಟೇ ಅದರ ಕೆಲಸ. ಆ ಸಂಜೆ ಮೋಟಾರು ಗುಂಯ್‌ಗುಟ್ಟಿತೇ ಹೊರತು ಏಳಲಿಲ್ಲ. ಡಬ್ಬಿ ಉಬ್ಬಿ, ಒಡೆದು, ಗಿರಣಿಯ ತುಂಬ ಸುಟ್ಟ ವಾಸನೆ ಹರಡಿತು.

ಹಿಟ್ಟು ಬೀಸಿಸಿಕೊಂಡು ಹೊರಟಿದ್ದ ಮುಂದಿನ ಬೀದಿಯ ಪಿಳ್ಳಮ್ಮ ತನ್ನ ಬುಟ್ಟಿ ಎತ್ತಿಕೊಳ್ಳುತ್ತಾ, ಒಂದು ಸಲವಾದರೆ ಸರಿ, ಮೂರು ಸಲವೂ ಅವಳ ಕಾಳು ಬಿದ್ದಾಗಲೇ ಕೆಡುತ್ತದೆ ಅಂದರೆ ಏನರ್ಥ ಎಂದಳು. ಉಳಿದವರು ಹೌದೆಂದರು. ಊರಾಚೆಯ ಕೇರಿಯಿಂದ ಬಂದ ಲಕ್ಕಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಗಿರಣಿಯ ಅಪ್ಪಯ್ಯಣ್ಣ ಅವಳ ಮುಖ ನೋಡದೆ, ಸ್ವಲ್ಪ ದಿನ ಈ ಕಡೆ ಬರಬೇಡವೆಂದು ಹೇಳಿದ.

"ನಾನೇನು ಮುಟ್ಟಿದೆ ಅಣ್ಣಾ?" ಅಂದಳು ಲಕ್ಕಮ್ಮ. "ಬುಟ್ಟಿ ಇಳಿಸಿ ಮಾರುದೂರ ನಿಂತಿದ್ದೆ." ಬೀಸದ ರಾಗಿಯನ್ನು ಹೊತ್ತುಕೊಂಡು ಹೊರಟಳು.

ಅಪ್ಪಯ್ಯಣ್ಣ ಕೆಟ್ಟವನಲ್ಲ, ಹೆದರಿದವನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಕಂಡೆನ್ಸರುಗಳೇ ನಾಲ್ಕು. ಗೂಡಿನಲ್ಲಿದ್ದ ಕಡೆಯದೂ ಹೋದರೆ ಸೂಲಿಬೆಲೆಯ ಹೆಂಗಸರು ಮತ್ತೆ ಬೀಸುವ ಕಲ್ಲಿಗೆ, ಅವನು ಮತ್ತೆ ಬಾಡಿಗೆ ಗಾಡಿ ಹೊಡೆಯುವುದಕ್ಕೆ. ಅದಕ್ಕೇ ಮಾರನೆಯ ಬೆಳಿಗ್ಗೆ ಮುನಿರಾಮಯ್ಯನನ್ನು ಕರೆಸಿದ. ನಾಲ್ಕು ವರ್ಷ ಮುಂಬಯಿ ಬಂದರಿನಲ್ಲಿ ಬೋಟುಗಳ ಮೋಟಾರು ರಿಪೇರಿ ಮಾಡಿ ಬಂದವನೆಂದು ಊರು ಅವನನ್ನು ಹಡಗು ಮುನಿರಾಮಯ್ಯ ಎಂದೇ ಕರೆಯುತ್ತಿತ್ತು. ಅವನು ಹೊಸ ಡಬ್ಬಿ ಕೂರಿಸಿದವನು ಮತ್ತೇನನ್ನೂ ಬಿಚ್ಚಲಿಲ್ಲ. ಇದ್ದಿಲು ಹಿಡಿದು ಮೂಲೆಯಲ್ಲಿ ಕೂತ. ಅಪ್ಪಯ್ಯಣ್ಣ ಒಂದು ಮನೆಯ ರಾಗಿ ಬೀಸಿ, ಮೋಟಾರು ನಿಲ್ಲಿಸಿ, ಕಲ್ಲನ್ನೂ ಹಿಟ್ಟಿನ ಪೆಟ್ಟಿಗೆಯನ್ನೂ ತೆಂಗಿನ ನಾರಿನಿಂದ ಚೊಕ್ಕಟವಾಗಿ ಗುಡಿಸಿ, ಮುಂದಿನ ಮನೆಯದಕ್ಕೆ ಮತ್ತೆ ಎಬ್ಬಿಸುತ್ತಿದ್ದ. ಒಬ್ಬರ ಹಿಟ್ಟಿನ ಪುಡಿ ಇನ್ನೊಬ್ಬರ ಬುಟ್ಟಿಗೆ ಬೀಳಬಾರದು. ಆ ಮಾತು ಕೊಟ್ಟ ಮೇಲೆಯೇ ಊರಿನ ಹೆಂಗಸರು ಗಿರಣಿಗೆ ಬಂದದ್ದು. ಮೋಟಾರು ಎದ್ದಾಗಲೆಲ್ಲ ಮುನಿರಾಮಯ್ಯ ಗೋಡೆಯ ಮೇಲೆ ಒಂದು ಗೀಟು ಎಳೆದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಗೀಟಾದವು. ಆಗ ಎದ್ದು ಬಂದು, ಡಬ್ಬಿ ಮುಟ್ಟಿ ನೋಡು ಅಂದ. ಅಪ್ಪಯ್ಯಣ್ಣ ಮುಟ್ಟಿದ ಕೈಯನ್ನು ಚಟ್ಟನೆ ಹಿಂದೆಗೆದ.

"ಬೋಟಲ್ಲಿ ಇದನ್ನ ಉಪ್ಪುಗಾಳಿ ಕೊಲ್ತಿತ್ತು," ಅಂದ ಮುನಿರಾಮಯ್ಯ. "ತಗಡಿಗೆ ತುಕ್ಕು ಹಿಡ್ದು ಒಳಗೆ ನೀರು ಸೇರ್ತಿತ್ತು. ಇಲ್ಲಿ ಕೊಲ್ತಿರೋನು ನೀನು ಕಣಣ್ಣ. ಒಂದ್ಸಲ ಎಬ್ಬಿಸಿದ್ರೆ ಕಾಯ್ತದೆ. ಆರೋಕೆ ಬಿಡ್ದೆ ಮತ್ತೆ ಎಬ್ಬಿಸ್ತೀಯ. ಸಾಯಂಕಾಲಕ್ಕೆ ಅದರ ಜೀವ ಮುಗಿದಿರ್ತದೆ. ಆಗ ಯಾರ ಸರದಿ ಬರ್ತದೆ?"

ಲಕ್ಕಮ್ಮ ಬೆಳಿಗ್ಗೆಯೇ ಬಂದರೂ ಊರಿನವರದೆಲ್ಲ ಮುಗಿದ ಮೇಲೆ ಅವಳದು. ಅದನ್ನು ಯಾರೂ ಕಟ್ಟಳೆ ಎಂದು ಹೇಳಬೇಕಾಗಿಯೂ ಇರಲಿಲ್ಲ.

"ಅವಳನ್ನ ಮೊದಲು ಕರ್ದು ಪಿಳ್ಳಮ್ಮನ್ನ ಕಡೇಲಿ ನಿಲ್ಸಿದ್ರೆ ಪಿಳ್ಳಮ್ಮನ ಸರದೀಲಿ ಸಾಯ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ಯಲ್ಲ," ಅಂದ ಮುನಿರಾಮಯ್ಯ.

ಅಂದಿನಿಂದ ಅಪ್ಪಯ್ಯಣ್ಣ ಬೆಳಿಗ್ಗೆ ಒಮ್ಮೆ ಮೋಟಾರು ಎಬ್ಬಿಸಿದರೆ ಊಟದ ಹೊತ್ತಿನವರೆಗೆ ನಿಲ್ಲಿಸುತ್ತಿರಲಿಲ್ಲ. ಒಂದು ಮನೆಯ ರಾಗಿಯ ಹಿಂದೆಯೇ ಇನ್ನೊಂದು ಮನೆಯದನ್ನು ಸುರಿದ. ಗುಡಿಸಲಿಲ್ಲವಲ್ಲ ಎಂದು ಕೇಳಿದವರಿಗೆ, ಮುನಿರಾಮಯ್ಯ ಹಡಗಿನ ಬ್ರಷ್ಷೊಂದನ್ನು ಒಳಗೆ ಕೂರಿಸಿದ್ದಾನೆ, ಅದು ತಾನೇ ಗುಡಿಸುತ್ತದೆ ಎಂದು ರೈಲು ಬಿಟ್ಟ. ಹಡಗಿನದು ಅಂದ ಮೇಲೆ ಯಾರೂ ಎದುರಾಡಲಿಲ್ಲ. ಲಕ್ಕಮ್ಮನಿಗೆ ಹೇಳಿ ಕಳಿಸಿದೆಯಾ ಎಂದು ಮುನಿರಾಮಯ್ಯ ಎರಡು ಸಲ ಕೇಳಿದ. ಕೂಲಿ ಮುಗಿಸಿ ಬಂದು ಬೀಸಿ ಬೀಸಿ ಅವಳ ಅಂಗೈ ಬೊಬ್ಬೆ ಎದ್ದಿದೆ ಎಂದೂ ಹೇಳಿದ. ಊರ ಬಾಯಿ ತಣ್ಣಗಾಗಲಿ, ನಾಳೆ ಕರೆಯುತ್ತೇನೆ ಎಂದು ಅಪ್ಪಯ್ಯಣ್ಣ ಎರಡು ಸಲವೂ ಅಂದ. ಹೀಗೆ ತಿಂಗಳು ಕಳೆಯಿತು. ಕಂಡೆನ್ಸರು ಗುಂಡುಕಲ್ಲಿನಂತೆ ಕೂತಿತ್ತು.

ಒಂದು ಬೆಳಿಗ್ಗೆ ಬಾಗಿಲ ತುಂಬ ಹೆಂಗಸರಿದ್ದಾಗ ಪಿಳ್ಳಮ್ಮ ಎಲ್ಲರಿಗೂ ಕೇಳುವಂತೆ ಅಂದಳು:

"ನೋಡ್ದಾ ಅಪ್ಪಯ್ಯಣ್ಣ, ಅವಳು ಬರೋದು ನಿಂತ ಮೇಲೆ ನಿನ್ನ ಮೋಟ್ರು ಒಂದು ದಿನ ಕೆಟ್ಟಿದ್ಯಾ?"

ಎಲ್ಲರೂ ತಲೆಯಾಡಿಸಿದರು. ತಾನೂ ಆಡಿಸಿದರೆ ಅಲ್ಲಿಗೆ ಮುಗಿಯಿತು. ಗಿರಣಿಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ನಿಜ ಹೇಳಿದರೆ ಇಷ್ಟು ಬುಟ್ಟಿಗಳೂ ಈಗಲೇ ಹಿಂತಿರುಗಿ ಹೋಗಬಹುದು. ಅಪ್ಪಯ್ಯಣ್ಣನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಬಾಗಿಲಿಗೆ ಬಂದ.

"ಲಕ್ಕಮ್ಮಂದು ಯಾವ ತಪ್ಪೂ ಇರ್ಲಿಲ್ಲ. ಗಳಿಗೆಗೊಂದ್ಸಲ ನಿಲ್ಸಿ ಎಬ್ಬಿಸಿ ಕೆಡಿಸ್ತಿದ್ದೋನು ನಾನು. ಒಳಗೆ ಯಾವ ಬ್ರಷ್ಷೂ ಇಲ್ಲ ಪಿಳ್ಳಮ್ಮ," ಅಂದ. "ಒಂದು ತಿಂಗಳಿಂದ ನೀವೆಲ್ಲ ಒಬ್ಬರ ಹಿಟ್ಟಿನ ಮುದ್ದೆ ಇನ್ನೊಬ್ಬರು ಉಣ್ತಾ ಇದೀರಿ. ಯಾರ ಜಾತಿ ಕೆಡ್ತು, ಕೈಯೆತ್ತಿ."