ನರಿಯ ಮುಖ

ಬ್ರೇಕ್ ಒತ್ತುವಷ್ಟರಲ್ಲಿ, ಭತ್ತದ ಗದ್ದೆಯಿಂದ ರಸ್ತೆಗೆ ನುಗ್ಗಿದ ನರಿ ಬಂಪರಿಗೆ ಬಡಿದು ಪಕ್ಕಕ್ಕೆ ಬಿತ್ತು. ಗವಿಸಿದ್ದೇಶ್ ಇಳಿದು ಮೊದಲು ಹೆಡ್‌ಲೈಟ್ ನೋಡಿದ. ಒಡೆದಿರಲಿಲ್ಲ. ಆಮೇಲೆ ನರಿಯನ್ನು ನೋಡಿದ.

"ಯವ್ವಾ, ಇಳಿದು ಬಾ. ನರಿ ಐತಿ. ಮುಂಜಾನಿ ನರಿ ಮುಖ ನೋಡಿದ್ರ ಒಳ್ಳೇದಾಗತೈತಿ ಅಂತ ನೀನ ಅಂತಿದ್ದಿ."

ಅಂಥದ್ದನ್ನೆಲ್ಲ ಅವನು ನಂಬಿದವನಲ್ಲ. ಆದರೆ ಅವ್ವನ ಎದೆಯಲ್ಲಿದ್ದ ಗಂಟಿನ ರಿಪೋರ್ಟು ಏನೆಂದು ಬಳ್ಳಾರಿಯ ಡಾಕ್ಟರು ಇವತ್ತು ಹೇಳುವವರಿದ್ದರು. ಅದಕ್ಕೇ ತಾಯಿ ಮಗ ಇಬ್ಬರೂ ನಸುಕಿನಲ್ಲೇ ಕರೂರು ಬಿಟ್ಟಿದ್ದರು.

ಅಕ್ಕನಾಗಮ್ಮ ಕಾರಿನ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದಳು. ನರಿ ಗದ್ದೆಯ ಕಡೆ ಮುಖ ಮಾಡಿ ಬಿದ್ದಿತ್ತು. ಮಗ ಗಾಜು ಒರೆಸುವ ಬಟ್ಟೆ ತಂದು, ಅದರಿಂದಲೇ ನರಿಯ ತಲೆ ಹಿಡಿದು ಅವ್ವನ ಕಡೆಗೆ ತಿರುಗಿಸಿದ. ಪಕ್ಕೆ ಇನ್ನೂ ಮೆಲ್ಲಗೆ ಏರಿಳಿಯುತ್ತಿತ್ತು.

"ಕಾಣಸ್ತೇನು?"

"ಹೂಂ."

ಅವಳು ನೋಡಿದಳು. ನರಿಯೂ ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು.

"ಮುಂಜಾನಿ ಎದ್ದು ಇದು ಯಾರ ಮುಖ ನೋಡಿತ್ತೋ" ಎಂದ ಅಕ್ಕನಾಗಮ್ಮ, ಸೆರಗನ್ನು ತನ್ನ ಮುಖದ ಮೇಲೆ ಎಳೆದುಕೊಂಡಳು.