ಕೆರೆಯಾಚೆಯ ಮನೆ

ಗಂಡ ಅವಳ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಪಕ್ಕದಲ್ಲೇ ಕೂತ. “ಯಾವಾಗ ನೋಡಿದ್ರೂ ಇದರಲ್ಲೇ ಮುಳುಗಿರ್ತೀಯಲ್ಲ, ಅಂಥದ್ದೇನಿದೆ ಈ ವಿಡಿಯೋ ಗೇಮಲ್ಲಿ?” ಎಂದು ನಗುತ್ತ ಕೇಳಿದ. ಅವನು ನಗುತ್ತ ಕೇಳಿದಾಗಲೇ ಅವಳಿಗೆ ಹೆಚ್ಚು ಭಯವಾಗುತ್ತಿತ್ತು.

“ಎಲ್ಲಿಗೆ ಬೇಕಾದ್ರೂ ಹೋಗಬಹುದು,” ಎಂದುಬಿಟ್ಟಳು. ಬಾಯಿತಪ್ಪಿ ಬಂದ ಮಾತು. ರಾಜ್ಯ ಉಳಿಸಬೇಕೆಂಬ ಆಟದ ದೊಡ್ಡ ಕೆಲಸವನ್ನು ಅವಳು ಎಂದೋ ಕೈಬಿಟ್ಟಿದ್ದಳು. ಟೈಲರ್ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಆಟದೊಳಗಿನ ಕುದುರೆ ಹತ್ತಿ, ಯಾರ ಅಪ್ಪಣೆಯೂ ಇಲ್ಲದೆ ಕಾಡುಮೇಡು ಸುತ್ತುತ್ತಿದ್ದಳು. ಕೆರೆಯಾಚೆ ತನಗೆಂದೇ ಒಂದು ಮರದ ಮನೆ ಕಟ್ಟಿಕೊಂಡಿದ್ದಳು.

ಅವನು ನಕ್ಷೆ ತೆರೆದು ಆ ಮನೆಯನ್ನು ಪತ್ತೆಹಚ್ಚಿದ. ಒಳಹೊಕ್ಕು ಸುತ್ತ ನೋಡಿದ. “ಒಂದೇ ಮಂಚ! ನಾನೆಲ್ಲಿ ಮಲಗೋದು?”

ಅವನು ಪಂಜು ಹೊತ್ತಿಸಿ ಗೋಡೆಗೆ ಹಿಡಿದ. “ನೋಡ್ತಾ ಇರು. ನೀನು ಎಲ್ಲಿಗೆ ಹೋದ್ರೂ ನಾನು ಬಂದೇ ಬರ್ತೀನಿ.” ಬೆಂಕಿ ಛಾವಣಿಗೆ ಏರಿತು. ಅವನು ಟೀವಿಯತ್ತ ಬಾಗಿದ. ಉರಿಯುವ ಮನೆಯ ಹೊರತು ಬೇರೇನೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

“ನೀರು ತರ್ತೀನಿ,” ಎಂದು ಅವಳು ಎದ್ದಳು. ಅಡುಗೆಮನೆಯ ನಲ್ಲಿ ತಿರುಗಿಸಿ ಹರಿಯಲು ಬಿಟ್ಟಳು. ಚಪ್ಪಲಿ ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಹೊರಬಿದ್ದಳು.

“ಬೇಗ ಬಾರೇ, ಛಾವಣಿ ಕುಸೀತಿದೆ!” ಎಂದು ಅವನು ಕೂಗುವುದು ಬೀದಿಯವರೆಗೂ ಕೇಳಿಸಿತು. ಎತ್ತ ಹೋಗುವುದೆಂದು ತೋಚದೆ ಅವಳು ಒಂದು ಕ್ಷಣ ನಿಂತಳು. ಅಷ್ಟರಲ್ಲಿ, ಒಳಗೆ ನಲ್ಲಿಯ ನೀರಿನ ಸದ್ದು ನಿಂತುಹೋಯಿತು.

ಅವಳು ಬರಿಗಾಲಲ್ಲೇ ಓಡತೊಡಗಿದಳು.